ಚುಕ್ಕಿಯ ಅಡಿಯ ಚುಕ್ಕಿ

ಕಂಪ್ಯೂಟರಿನ ಪರದೆಯ ಮೇಲೆ ಕಿಟಕಿ ತೆರೆಯುವುದು ನನಗೊಂದು ಚಟ. ಕೆಲವರಿಗೆ ಸೀರೆ, ಕೆಲವರಿಗೆ ನಶ್ಯ, ನನಗೆ ಇದು. ಹೀಗೆಂದ ಮಾತ್ರಕ್ಕೆ ನನ್ನನ್ನು ದೊಡ್ಡ ತಂತ್ರಜ್ಞೆ ಎಂದು ತಿಳಿಯಬೇಡಿ. ಕಾಸರಗೋಡಿನ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವಳು ನಾನು. ಮನೆಯಲ್ಲಿ ಫ್ಯೂಸ್ ಹೋದರೆ ಗಂಡ ಬರುವವರೆಗೆ ಕತ್ತಲಲ್ಲಿ ಕೂರುವವಳು. ಆದರೆ ನಮ್ಮ ವಿಷಯದವರು ಬಳಸುವ ‘ಆರ್’ ಎಂಬ ಒಂದಕ್ಷರದ ಹೆಸರಿನ ಭಾಷೆಯಲ್ಲಿ ಪುಟ್ಟದೊಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದೆನೆಂದರೆ, ಪರದೆಯ ಮೇಲೆ ಬಿಳಿಯ ಚೌಕವೊಂದು ತೆರೆದುಕೊಳ್ಳುತ್ತದೆ. ಅದನ್ನು ನಾವು ಕಿಟಕಿ ಎನ್ನುತ್ತೇವೆ. ಅದರೊಳಗೆ ಅಡ್ಡಕ್ಕೊಂದು, ನೆಟ್ಟಗೊಂದು ಗೆರೆ ಬೀಳುತ್ತದೆ. ಆಮೇಲೆ ನಾನು ಕೊಟ್ಟ ಅಂಕಿಗಳೆಲ್ಲ ಚುಕ್ಕಿಗಳಾಗಿ ಬಂದು ತಂತಮ್ಮ ಜಾಗದಲ್ಲಿ ಕೂರುತ್ತವೆ. ಇಷ್ಟು ವರ್ಷವಾದರೂ ಆ ಹೊತ್ತಿಗೆ ನನಗೊಂದು ಸಣ್ಣ ಪುಳಕ. ಈ ಬೇಸಗೆಯಲ್ಲಿ ಆ ಪುಳಕವೇ ನನ್ನ ಮಾನ ತೆಗೆಯಿತು. ಅದನ್ನು ಯಾರ ಬಳಿಯಾದರೂ ಹೇಳಿಕೊಳ್ಳದೆ ನನಗೆ ಸಮಾಧಾನವಿಲ್ಲ.

ಬರಿಯ ಚಿತ್ರ ತೋರಿಸುವ ಕಿಟಕಿಯಾದರೆ ಅಪಾಯವಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುವ ಕಿಟಕಿಯೂ ಉಂಟು. ಇನ್ನೊಂದೇ ಒಂದು ಸಾಲು ಸೇರಿಸಿದರೆ ಸಾಕು, ಅದು ನಮ್ಮ ಬೆರಳಿಗಾಗಿ ಕಾಯತೊಡಗುತ್ತದೆ. ಮೌಸಿನ ಬಾಣ ಮಾಯವಾಗಿ ಕೂಡಿಸುವ ಚಿಹ್ನೆ ಬರುತ್ತದೆ. ಒಂದು ಚುಕ್ಕಿಯ ಬಳಿ ಕ್ಲಿಕ್ ಮಾಡಿದರೆ ಅದು ಯಾರೆಂಬುದು ಪಕ್ಕದಲ್ಲೇ ಅಕ್ಷರವಾಗಿ ಮೂಡುತ್ತದೆ. ಇದರ ಸ್ವಭಾವ ಸ್ವಲ್ಪ ವಿಚಿತ್ರ. ನಿಮ್ಮ ಮನಸ್ಸಿನಲ್ಲಿ ಯಾವ ಚುಕ್ಕಿ ಇತ್ತೆಂದು ಅದಕ್ಕೆ ಗೊತ್ತಿಲ್ಲ. ನೀವು ಒತ್ತಿದ ಜಾಗಕ್ಕೆ ಯಾವುದು ಅತಿ ಹತ್ತಿರವೋ ಅದನ್ನು ಹೆಸರಿಸಿಬಿಡುತ್ತದೆ. ಮತ್ತೆ, ಒಮ್ಮೆ ಬರೆದ ಹೆಸರನ್ನು ಅಳಿಸಲು ಬರುವುದಿಲ್ಲ. ಬೇಡವೆಂದಾದರೆ ಇಡೀ ಚಿತ್ರವನ್ನೇ ಮೊದಲಿನಿಂದ ಬರೆಯಬೇಕು. ಈ ಮಾತನ್ನು ವರ್ಷ ವರ್ಷವೂ ತರಗತಿಯಲ್ಲಿ ಹೇಳುತ್ತೇನೆ. ಪರೀಕ್ಷೆಗೆ ಬರುವ ಸಂಗತಿಯಲ್ಲವಾದ್ದರಿಂದ ಮಕ್ಕಳು ಬರೆದುಕೊಳ್ಳುವುದಿಲ್ಲ. ಹೇಳುತ್ತಿದ್ದ ನಾನೂ ಕೇಳಿಸಿಕೊಂಡಿರಲಿಲ್ಲ ಎಂದು ಈಗ ಗೊತ್ತಾಗಿದೆ.

ಕಿಟಕಿಯನ್ನು ಸಂಸ್ಕೃತದಲ್ಲಿ ಗವಾಕ್ಷ ಎನ್ನುತ್ತಾರೆ. ಹಸುವಿನ ಕಣ್ಣು ಎಂದು ಅದರ ಅರ್ಥ. ಗೋಡೆಯಲ್ಲಿ ಆ ಆಕಾರದ ತೆರಪು ಬಿಡುತ್ತಿದ್ದರೇನೋ, ಅಥವಾ ಹಸುವಿನಷ್ಟು ತಾಳ್ಮೆಯಿಂದ ಲೋಕವನ್ನು ನೋಡಲಿ ಎಂಬ ಆಸೆಯೋ, ಪಂಡಿತರನ್ನು ಕೇಳಬೇಕು. ನಮ್ಮ ಕಾಲದ ಕಿಟಕಿಗೆ ಅಂಥ ತಾಳ್ಮೆಯಿಲ್ಲ. ಕಬ್ಬಿಣದ ಸರಳು, ಅದರ ಹೊರಗೆ ಸೊಳ್ಳೆಬಲೆ, ಒಳಗೆ ಪರದೆ. ನಾವು ಹೊರಗೆ ನೋಡಬೇಕು, ಹೊರಗಿನವರು ಒಳಗೆ ನೋಡಬಾರದು ಎಂಬುದು ಕಿಟಕಿಯಿಂದ ನಾವು ಬಯಸುವ ಸೇವೆ. ನನ್ನ ಅಡುಗೆಮನೆಯ ಕಿಟಕಿ ನೆರೆಮನೆಯ ಲೀಲಕ್ಕನ ದನದ ಹಟ್ಟಿಯ ಕಡೆಗೆ ತೆರೆಯುತ್ತದೆ. ದೋಸೆ ಹೊಯ್ಯುತ್ತಾ ಅವರ ಎರಡು ಹಸುಗಳನ್ನು ದಿನಾ ನೋಡುತ್ತೇನೆ. ಅವುಗಳ ಹಾಲಿನಿಂದಲೇ ನನ್ನ ಕಾಫಿಯಾಗುತ್ತದೆ. ಇಷ್ಟನ್ನು ನೆನಪಿನಲ್ಲಿಡಿ, ನಾನು ಇಡದೆ ಕೆಟ್ಟೆ.

ನಮ್ಮ ಮನೆಗಳಿರುವುದು ನಾಯ್ಮಾರ್ಮೂಲೆಯಿಂದ ಒಳಗೆ, ಕೆಂಪುಕಲ್ಲಿನ ಗುಡ್ಡೆಯ ಮೇಲೆ. ಮಳೆಗಾಲದಲ್ಲಿ ಇಲ್ಲಿ ಬೀಳುವ ನೀರನ್ನು ನೋಡಿದವರು ಬೇಸಗೆಯಲ್ಲಿ ಇಲ್ಲಿ ನೀರಿಲ್ಲವೆಂದರೆ ನಂಬುವುದಿಲ್ಲ. ಆದರೆ ಏಪ್ರಿಲಿನ ವಿಷು ಹಬ್ಬಕ್ಕೆ ಮೊದಲೇ ಬಾವಿಗಳ ತಳ ಕಾಣುತ್ತದೆ. ಆಮೇಲೆ ಪಂಚಾಯತಿನ ಲಾರಿ ಬಂದು ಗುಡ್ಡೆಯ ತಿರುವಿನಲ್ಲಿರುವ ಕರಿಯ ಟ್ಯಾಂಕನ್ನು ತುಂಬಿಸಿ ಹೋಗುತ್ತದೆ; ನಾವು ಕ್ಯಾನುಗಳಲ್ಲಿ ಹೊತ್ತು ತರುತ್ತೇವೆ. ಈ ವರ್ಷ ಕೊನೆಗೆ ಬಂದವರಿಗೆ ನೀರು ಸಿಗದೆ ಹೋಗತೊಡಗಿತು. ಯಾರೋ ಹೆಚ್ಚು ಹಿಡಿಯುತ್ತಿದ್ದಾರೆ ಎಂಬ ಪಿಸುಮಾತು ಎದ್ದಿತು. ತುಳುವಿನಲ್ಲಿ ಕೆಲವರು, ಮಲಯಾಳದಲ್ಲಿ ಕೆಲವರು, ಕನ್ನಡದಲ್ಲಿ ನಾನು, ಎಲ್ಲರೂ ಎಲ್ಲರ ಮೇಲೂ ಸಂಶಯಪಟ್ಟೆವು.

ನಮ್ಮ ರೆಸಿಡೆನ್ಸ್ ಅಸೋಸಿಯೇಷನಿನ ಕಾರ್ಯದರ್ಶಿ ಹಮೀದಿಚ್ಚ. ಇಲ್ಲಿ ಹಿರಿಯಣ್ಣನನ್ನು ಇಚ್ಚ ಎನ್ನುವುದುಂಟು. ಅವರು ಊರಿಗೆಲ್ಲ ಹಿರಿಯಣ್ಣ. ಗಲ್ಫಿನಲ್ಲಿ ಗೋದಾಮು ನೋಡಿಕೊಂಡಿದ್ದವರಾದ್ದರಿಂದ ಯಾವ ಮನೆಗೆ ಎಷ್ಟು ಕ್ಯಾನ್ ಹೋಯಿತೆಂದು ಟ್ಯಾಂಕಿನ ಬಳಿ ನಿಂತು ಮೊಬೈಲಿನಲ್ಲಿ ಹಾಕಿಕೊಳ್ಳುವುದು ಅವರಿಗೆ ಅಭ್ಯಾಸವೇ ಆಗಿತ್ತು. ಒಂದು ಬೆಳಗ್ಗೆ ನನ್ನ ಗೇಟಿನ ಬಳಿ ನಿಂತರು.

“ಟೀಚರೇ, ನೀವು ಲೆಕ್ಕದ ಟೀಚರಲ್ಲವಾ? ಇದರದ್ದೊಂದು ಕಣಕ್ಕ್, ಲೆಕ್ಕಪಟ್ಟಿ, ಮಾಡಿಕೊಡಿ. ಎಲ್ಲರಿಗೂ ಕಾಣುವ ಹಾಗೆ. ಇಲ್ಲದಿದ್ದರೆ ಜಗಳ ಉಂಟು.”

ಒಂದು ಸಣ್ಣ ಕೋಷ್ಟಕ ಮಾಡಿ ಕೊಟ್ಟಿದ್ದರೆ ಸಾಕಿತ್ತು. ಮನೆಯವರ ಸಂಖ್ಯೆಗೆ ತಕ್ಕಂತೆ ಇಷ್ಟು ನೀರು ಎಂದು ಎರಡು ಮಾತು ಬರೆದಿದ್ದರೆ ಇನ್ನೂ ಚೆನ್ನಾಗಿತ್ತು. ಆದರೆ ನನ್ನ ಚಟ ಕೇಳಬೇಕಲ್ಲ. ಸರಳವಾಗಿ ಹೇಳಬಹುದಾದ್ದನ್ನು ಸರಳವಾಗಿ ಹೇಳಿದರೆ ಅಷ್ಟು ವರ್ಷ ಓದಿದ್ದೇತಕ್ಕೆ? ರಜೆಯ ಮಧ್ಯಾಹ್ನ ಕೂತು ಹಮೀದಿಚ್ಚ ಕಳಿಸಿದ ಅಂಕಿಗಳನ್ನು, ಯಾವುದು ಯಾರ ಮನೆಯೆಂದು ಗಮನಿಸದೆ, ಮನೆಯ ನಂಬ್ರದ ಪ್ರಕಾರ ತುಂಬಿಸಿದೆ. ಅಡ್ಡಗೆರೆಯಲ್ಲಿ ಮನೆಯಲ್ಲಿರುವ ಜನ, ನೆಟ್ಟಗೆರೆಯಲ್ಲಿ ವಾರದ ಕ್ಯಾನು. ಒಂದೊಂದು ಮನೆಗೂ ಒಂದೊಂದು ನೀಲಿ ಚುಕ್ಕಿ. ಕ್ಲಿಕ್ ಮಾಡಿದರೆ ಮನೆಯವರ ಹೆಸರು. ಹೆಸರು ಬರುವಂತೆ ಮಾಡುವ ಅಗತ್ಯವೇ ಇರಲಿಲ್ಲ ಎಂದು ಈಗ ಹೇಳಬಲ್ಲೆ. ಆಗ ಅದು ಬಂದರೇ ಚೆಂದ ಎನ್ನಿಸಿತ್ತು.

ಸಭೆ ಸೇರಿದ್ದು ಅಂಗನವಾಡಿಯಲ್ಲಿ. ಹಮೀದಿಚ್ಚ ಫುಟ್ಬಾಲ್ ನೋಡಲೆಂದು ತಂದಿಟ್ಟುಕೊಂಡಿದ್ದ ಪುಟ್ಟ ಪ್ರೊಜೆಕ್ಟರನ್ನು ಹೊತ್ತು ತಂದಿದ್ದರು. ಮಕ್ಕಳ ಅಕ್ಷರಮಾಲೆಯನ್ನು ಸರಿಸಿ ಗೋಡೆಯ ಮೇಲೆ ನನ್ನ ಕಿಟಕಿ ತೆರೆದೆ. ಮೊದಲು ಒಂದು ಮರ್ಯಾದಸ್ಥ ಚುಕ್ಕಿಯನ್ನು ಆರಿಸಿ ಕ್ಲಿಕ್ ಮಾಡಿದೆ. ತುಂಬಿದ ಮನೆ, ಹದವಾದ ನೀರು. ಹಮೀದಿಚ್ಚನ ಹೆಸರು ಮೂಡಿತು. ಜನ ಚಪ್ಪಾಳೆ ತಟ್ಟಿದರು. ಟ್ಯಾಂಕಿಗೆ ನೀರು ಬಂದಾಗ ಅವರಿಗೆ ಆಗುವಷ್ಟೇ ಸಂತೋಷ ನನ್ನ ಮುಖದಲ್ಲಿ ಕಂಡಿರಬೇಕು.

ಚುಕ್ಕಿಗಳೆಲ್ಲ ಕೆಳಗಿನಿಂದ ಮೇಲಕ್ಕೆ ಒಂದು ಓರೆ ದಾರಿಯಲ್ಲಿ ಗುಂಪಾಗಿದ್ದವು. ಜನ ಹೆಚ್ಚಿದ್ದಲ್ಲಿ ನೀರು ಹೆಚ್ಚು. ಒಂದು ಚುಕ್ಕಿ ಮಾತ್ರ ಎಡಬದಿಯಲ್ಲಿ, ಬಹಳ ಮೇಲೆ, ಒಂಟಿಯಾಗಿತ್ತು. ಇಬ್ಬರೇ ಜನ, ತುಂಬುಮನೆಯಷ್ಟು ನೀರು.

“ಅದು ಯಾರದ್ದು ಟೀಚರೇ?” ಎಂದು ಯಾರೋ ಕೇಳಿದರು. ಕೇಳಿದ್ದು ಒಬ್ಬರು, ಬಯಸಿದ್ದು ಎಲ್ಲರೂ. ನಾನೂ ಬಯಸಿದೆ. ಅಂಕಿಗಳ ಹಿಂದಿರುವ ಮನುಷ್ಯರ ಹೆಸರನ್ನು ಹೊರಗೆ ಬಿಡಬಾರದು ಎಂದು ತರಗತಿಯಲ್ಲಿ ಗಂಟಲು ಹರಿದುಕೊಳ್ಳುವವಳು ನಾನು. ಬೆರಳು ಅದನ್ನು ನೆನಪಿಟ್ಟುಕೊಳ್ಳಲಿಲ್ಲ. ಒತ್ತಿದೆ. ಅಂಗನವಾಡಿಯ ಗೋಡೆಯಲ್ಲಿ ‘ಲೀಲಾವತಿ’ ಎಂದು ಮೂಡಿತು.

ಲೀಲಕ್ಕ ಬಾಗಿಲ ಬಳಿ ನಿಂತಿದ್ದರು. ಹಾಲು ಕೊಟ್ಟು ಬರುವಾಗ ತಡವಾಗಿತ್ತು. ಕೈಯಲ್ಲಿ ಖಾಲಿ ಪಾತ್ರೆ. ಗಂಡ ದುಬೈಯಲ್ಲಿ, ಮನೆಯಲ್ಲಿ ಅವರೂ ಮಗಳೂ ಇಬ್ಬರೇ. ಎಲ್ಲರೂ ತಿರುಗಿ ಅವರನ್ನು ನೋಡಿದರು. ಅವರು ಗೋಡೆಯನ್ನು ನೋಡಿದರು, ಆಮೇಲೆ ನನ್ನನ್ನು. ಹಾಗೆಯೇ ಮೆಟ್ಟಿಲಿಳಿದು ಹೋದರು. ಇನ್ನು ಮುಂದೆ ಲೀಲಾವತಿಯವರಿಗೆ ದಿನಕ್ಕೆ ಎರಡೇ ಕ್ಯಾನ್ ಎಂದು ತೀರ್ಮಾನವಾಯಿತು. ಕಿಟಕಿಯಲ್ಲಿ ಹೆಸರು ಹಾಗೆಯೇ ಇತ್ತು.

ಆಗ ಹಮೀದಿಚ್ಚ ಸದುದ್ದೇಶದಿಂದಲೇ ಕೇಳಿದರು: “ಟೀಚರ ಮನೆ ಯಾವ ಚುಕ್ಕಿ? ಅದನ್ನೂ ತೋರಿಸಿ.”

ನಾನು ಹುರುಪಿನಿಂದ ಹುಡುಕಿದೆ. ನಾವೂ ಇಬ್ಬರೇ. ಇಬ್ಬರ ಸಾಲಿನಲ್ಲಿ ಕೆಳಗಿದ್ದ ಚುಕ್ಕಿಗಳನ್ನು ಒತ್ತಿದರೆ ಬೇರೆಯವರ ಹೆಸರು ಬಂತು. ಆ ಸಾಲಿನಲ್ಲಿ ಉಳಿದದ್ದು ಮೇಲಿನ ಒಂಟಿ ಚುಕ್ಕಿ ಮಾತ್ರ. ಅಲ್ಲಿ ಇನ್ನೊಮ್ಮೆ ಒತ್ತಿದೆ. ಹೆಸರು ಬರಲಿಲ್ಲ. ಹತ್ತಿರದ ಚುಕ್ಕಿಯನ್ನು ಆಗಲೇ ಗುರುತಿಸಿಯಾಗಿದೆ ಎಂದು ಕಂಪ್ಯೂಟರು ನನ್ನ ಲ್ಯಾಪ್‌ಟಾಪಿನ ಮೂಲೆಯಲ್ಲಿ, ನನಗೊಬ್ಬಳಿಗೇ ಕಾಣುವಂತೆ ಎಚ್ಚರಿಸಿತು. ಇಬ್ಬರ ಮನೆ, ಅಷ್ಟೇ ಕ್ಯಾನು. ಒಂದೇ ಜಾಗದಲ್ಲಿ ಎರಡು ಚುಕ್ಕಿ. ಪಟ್ಟಿಯಲ್ಲಿ ಲೀಲಕ್ಕನ ಮನೆ ಮೊದಲು, ನನ್ನದು ಅದರ ನಂತರ. ಆದ್ದರಿಂದ ಅವರ ಹೆಸರು ಬಂತು. ನಾನು ಅವರ ಅಡಿಯಲ್ಲಿ ಅಡಗಿ ಕೂತಿದ್ದೆ.

“ಗುಂಪಿನಲ್ಲಿ ಎಲ್ಲೋ ಉಂಟು” ಎಂದೆ. ಕಿಟಕಿ ಮುಚ್ಚಿದೆ.

ನನ್ನ ಮನೆಗೆ ಅಷ್ಟು ನೀರು ಬರುತ್ತಿದ್ದುದು ನನಗೆ ಗೊತ್ತಿರಲಿಲ್ಲ ಎಂದರೆ ಅರ್ಧ ನಿಜ. ನೀರು ತರುವ ಖಾತೆ ನಮ್ಮವರದು. ಕಾರಿನ ಹಿಂದೆ ಕ್ಯಾನುಗಳನ್ನಿಟ್ಟು ತಂದು ಹಂಡೆಗೆ ಸುರಿಯುತ್ತಾರೆ. ಹಂಡೆಯಿಂದ ತೆಗೆದು ಹೊಯ್ಯುವ ಖಾತೆ ನನ್ನದು. ಹಿತ್ತಿಲಲ್ಲಿ ನನ್ನ ಆಂತೂರಿಯಂ ಹೂಗಿಡಗಳ ಚಟ್ಟಿಗಳ ಸಾಲಿದೆ. ಕೆಂಪು, ಬಿಳಿ, ತಿಳಿಹಸಿರು. ಸಂಜೆ ಹೊತ್ತು ಅವಕ್ಕೆ ನೀರು ಹೊಯ್ದು, ಎಲೆಗಳನ್ನೂ ತೊಳೆದು, ಅವುಗಳ ಹೊಳಪು ನೋಡಿ ಸುಖಪಡುತ್ತಿದ್ದೆ. ಎಷ್ಟು ಹೊಯ್ದೆ ಎಂದು ಒಮ್ಮೆಯೂ ಎಣಿಸಿರಲಿಲ್ಲ. ಊರಿನವರೆಲ್ಲರ ನೀರು ಎಣಿಸಲು ಮಾತ್ರ ಹೊಸ ಕಿಟಕಿ ಬೇಕಾಯಿತು ನನಗೆ.

ಮರುದಿನ ಲೀಲಕ್ಕ ಹಾಲು ತರುವುದಿಲ್ಲ ಎಂದುಕೊಂಡಿದ್ದೆ. ತರದಿದ್ದರೆ ಒಂದು ಬಗೆಯ ಬಿಡುಗಡೆಯಾಗುತ್ತಿತ್ತು; ಕೋಪ ಮಾಡಿದವರ ಮುಂದೆ ತಪ್ಪಿತಸ್ಥರು ಸ್ವಲ್ಪ ನೆಟ್ಟಗೆ ನಿಲ್ಲಬಹುದು. ಅವರು ತಂದರು. ಎಂದಿನ ಹೊತ್ತಿಗೆ, ಎಂದಿನ ಅಳತೆ, ಮೇಲೆ ಎಂದಿನಂತೆ ಒಂದು ಚೂರು ಹೆಚ್ಚು. ಮಾತು ಮಾತ್ರ ಇರಲಿಲ್ಲ. ಆ ಹಾಲಿನಲ್ಲೇ ಕಾಫಿ ಮಾಡಿ ಕುಡಿದೆ. ನಾಚಿಕೆಯನ್ನು ಹೀಗೆ ದಿನಾ ಕಾಯಿಸಿ, ಸಕ್ಕರೆ ಹಾಕಿ ಕುಡಿಯಬೇಕಾದೀತೆಂದು ನಾನು ಎಣಿಸಿರಲಿಲ್ಲ.

ಚಟ್ಟಿಗಳಿಗೆ ನೀರು ಹೊಯ್ಯುವುದನ್ನು ಬಿಟ್ಟೆ. ಎಲೆಗಳು ಬಾಡಿದ್ದನ್ನು ನೋಡಿ ನಮ್ಮವರು ಕಾರಣ ಕೇಳಿದರು. ಹೇಳಿದೆ. ಅವರು ಸಹಕಾರಿ ಬ್ಯಾಂಕಿನಲ್ಲಿ ಇರುವವರು, ಗಾಬರಿ ಬೀಳುವವರಲ್ಲ.

“ನಿನ್ನ ಚುಕ್ಕಿ ಕಾಣಲಿಲ್ಲ ಅಂದ್ರೆ ಅದು ಕಂಪ್ಯೂಟರಿನ ತಪ್ಪು. ನೀನು ಎಂತಕ್ಕೆ ಹೊಟ್ಟೆಗೆ ಹಾಕಿಕೊಳ್ಳುವುದು ಮಾರಾಯ್ತಿ?”

ಈ ಸಮಾಧಾನ ನನಗೂ ಎರಡು ದಿನ ರುಚಿಸಿತು ಎಂದು ಹೇಳಲು ನಾಚಿಕೆಯಾಗುತ್ತದೆ. ಆದರೆ ಕಂಪ್ಯೂಟರಿನ ತಪ್ಪೇನೂ ಇರಲಿಲ್ಲ. ಚುಕ್ಕಿಯ ಮೇಲೆ ಚುಕ್ಕಿ ಬೀಳುವುದು ನಮ್ಮ ಶಾಸ್ತ್ರದಲ್ಲಿ ಹಳೆಯ ತೊಂದರೆ. ತಲೆಗಳನ್ನೂ ಕ್ಯಾನುಗಳನ್ನೂ ಎಣಿಸುವಾಗ ಅರ್ಧ ಕಾಲು ಬರುವುದಿಲ್ಲವಲ್ಲ; ಹಾಗಾಗಿ ಹಲವರು ಒಂದೇ ಜಾಗದಲ್ಲಿ ಬಂದು ಕೂರುತ್ತಾರೆ, ನೋಡುವವರಿಗೆ ಒಬ್ಬರೇ ಇದ್ದಂತೆ ಕಾಣುತ್ತದೆ. ಅದಕ್ಕೆ ಮದ್ದೂ ಇದೆ. ಚುಕ್ಕಿಗಳನ್ನೆಲ್ಲ ಒಂದು ಕೂದಲೆಳೆಯಷ್ಟು ಅಲುಗಿಸಿಬಿಡುವ ಆಜ್ಞೆಯೊಂದಿದೆ. ಅಲುಗಿಸಿದರೆ ಅಡಿಯಲ್ಲಿದ್ದವರು ಹೊರಗೆ ಇಣುಕುತ್ತಾರೆ. ನಾನೇ ಅದನ್ನು ಕಲಿಸುತ್ತೇನೆ. ಅಂದಿನ ಸಭೆಗೆ ಮೊದಲು ಅಲುಗಿಸಬೇಕೆಂದು ಹೊಳೆಯಲಿಲ್ಲ; ಸಭೆಯ ನಂತರ ಹೊಳೆದಾಗ ಅಲುಗಿಸುವ ಧೈರ್ಯ ಬರಲಿಲ್ಲ.

ಒಂದು ಬೆಳಗ್ಗೆ ದೋಸೆ ಹೊಯ್ಯುತ್ತಾ ಕಿಟಕಿಯಿಂದ ನೋಡಿದೆ. ಲೀಲಕ್ಕನ ಹಟ್ಟಿಯಲ್ಲಿ ಬದಿಯಡ್ಕ ಕಡೆಯ ದನದ ದಲಾಲಿ ನಿಂತಿದ್ದ. ಕಂದು ಹಸುವಿನ ಬೆನ್ನು ತಟ್ಟಿ, ಹಲ್ಲು ನೋಡುತ್ತಿದ್ದ. ಹಸು ಖಾಲಿ ಬಕೆಟಿನೊಳಗೆ ಮುಖವಿಟ್ಟು ಅದರ ತಳ ನೆಕ್ಕುತ್ತಿತ್ತು. ಅಷ್ಟು ವರ್ಷ ಕಣ್ಣೆದುರಿಗೇ ಇದ್ದ ಪ್ರಾಣಿಗಳು. ಅವೂ ನೀರು ಕುಡಿಯುತ್ತವೆ ಎಂಬುದು, ನಂಬಿ, ಆಗ ನನ್ನ ತಲೆಗೆ ಹೋಯಿತು. ನನ್ನ ಅಡ್ಡಗೆರೆಯಲ್ಲಿ ಅವಕ್ಕೆ ಜಾಗವೇ ಇರಲಿಲ್ಲ. ದೋಸೆ ಕಾವಲಿಯಲ್ಲೇ ಕರಟಿತು. ಚಪ್ಪಲಿ ಹಾಕದೆ ಓಡಿದೆ.

ದಲಾಲಿ ಆಚೆ ಬೈಕಿನ ಬಳಿ ಹೋದ ಮೇಲೆ ಲೀಲಕ್ಕ ನನ್ನ ಕಡೆ ತಿರುಗಿದರು. “ಎಂತ ಟೀಚರೇ, ಹಾಲು ಕಡಿಮೆ ಬಂತಾ?”

“ಲೀಲಕ್ಕ, ಅವತ್ತು ಆ ಚುಕ್ಕಿಯ ಅಡಿಯಲ್ಲಿ ಇನ್ನೊಂದು ಚುಕ್ಕಿ ಇತ್ತು. ಅದು ನನ್ನದು.” ದಾರಿಯಲ್ಲಿ ಸಿದ್ಧ ಮಾಡಿಕೊಂಡಿದ್ದ ಪೀಠಿಕೆಯೆಲ್ಲ ಮರೆತುಹೋಗಿತ್ತು.

ಅವರು ಬಕೆಟನ್ನು ಹಸುವಿನ ಮುಖದಿಂದ ಬಿಡಿಸಿ ಬದಿಗಿಟ್ಟರು. “ನನಗೆ ಚುಕ್ಕಿ ಗೊತ್ತಿಲ್ಲ. ನಿಮ್ಮ ಕಿಟಕಿಯಿಂದ ನನ್ನ ಹಟ್ಟಿ ಕಾಣ್ತದೆ ಅಲ್ಲವಾ, ಹಟ್ಟಿಯಿಂದ ನಿಮ್ಮ ಚಟ್ಟಿಗಳೂ ಕಾಣ್ತವೆ. ನೀವು ಎಲೆ ತೊಳೆಯುವುದು ನಾನು ದಿನಾ ನೋಡ್ತಿದ್ದೆ.”

“ಮತ್ತೆ ಸಭೆಯಲ್ಲಿ ಯಾಕೆ ಹೇಳಲಿಲ್ಲ?”

“ನನ್ನನ್ನು ಯಾರು ಎಂತ ಕೇಳಿದ್ರು? ಹೆಸರು ಬಿತ್ತು, ಮುಗೀತು.” ಹಸುವಿನ ಹಗ್ಗ ಸರಿಪಡಿಸುತ್ತಾ ಹೇಳಿದರು: “ನಿಮ್ಮ ಬಾಯಲ್ಲಿ ಬರ್ತದಾ ಅಂತ ನೋಡಿದೆ. ಹಾಲು ತರುವಾಗಲೂ ನೋಡ್ತಿದ್ದೆ. ಬರ್ಲಿಲ್ಲ.”

ಬೈದಿದ್ದರೆ ಒಳ್ಳೆಯದಿತ್ತು. ನಾನು ನೆಲ ನೋಡಿಕೊಂಡು ನಿಂತೆ. ಬರಿಗಾಲಿಗೆ ಸೆಗಣಿ ತಾಗಿದ್ದು ಕಂಡಿತು. ಬರುವ ಸಭೆಯವರೆಗೆ ಹಸುವನ್ನು ಕೊಡಬೇಡಿ ಎಂದು ಬೇಡಿಕೊಂಡೆ. ಅವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ದಲಾಲಿಗೆ ಮಾತ್ರ, ಆಮೇಲೆ ಫೋನ್ ಮಾಡುತ್ತೇನೆ ಎಂದರು. ಅವತ್ತಿನಿಂದ ನಮ್ಮ ಮನೆಯ ಕ್ಯಾನುಗಳಲ್ಲಿ ಹೆಚ್ಚಿನವು ಆ ಹಟ್ಟಿಗೆ ಹೋದವು. ನಮ್ಮವರೇ ಹೊತ್ತು ಹಾಕಿದರು. ಕಂಪ್ಯೂಟರಿನ ತಪ್ಪಿನ ಮಾತು ಮತ್ತೆ ಎತ್ತಲಿಲ್ಲ.

ಮುಂದಿನ ಭಾನುವಾರ ಅಂಗನವಾಡಿಯಲ್ಲಿ ಮತ್ತೆ ಸಭೆ ಕರೆಸಿದೆ. ಹಮೀದಿಚ್ಚನಿಗೆ ಕಾರಣ ಹೇಳಿರಲಿಲ್ಲ. ಹೇಳಿದರೆ ಅವರು ಒಳ್ಳೆಯ ಮನಸ್ಸಿನಿಂದ ಬೇಡವೆಂದಾರು, ನಾನು ಒಪ್ಪಿಕೊಂಡೇನು ಎಂಬ ಭಯ. ಗೋಡೆಯ ಮೇಲೆ ಹಳೆಯ ಚಿತ್ರವನ್ನೇ ತೆರೆದು, ಅಲುಗಿಸುವ ಸಾಲು ಬರೆದು ಎಂಟರ್ ಒತ್ತಿದೆ. ಮೇಲಿನ ಒಂಟಿ ಚುಕ್ಕಿ ಎರಡಾಯಿತು. ಜನ ಕುತ್ತಿಗೆ ಉದ್ದ ಮಾಡಿದರು. ಒಂದನ್ನು ಒತ್ತಿದೆ: ಲೀಲಾವತಿ. ಪಕ್ಕದ್ದನ್ನು ಒತ್ತಿದೆ. ನನ್ನ ಹೆಸರನ್ನು ಅಷ್ಟು ದೊಡ್ಡ ಅಕ್ಷರದಲ್ಲಿ ನಾನು ಹಿಂದೆ ನೋಡಿರಲಿಲ್ಲ.

“ಟೀಚರೇ, ಇದು ಅವತ್ತು ಎಲ್ಲಿತ್ತು?” ಹಮೀದಿಚ್ಚನ ದನಿ ಮೆತ್ತಗಿತ್ತು.

“ಅಲ್ಲೇ ಇತ್ತು. ನನಗೆ ಅವತ್ತೇ ಗೊತ್ತಾಗಿತ್ತು. ನಾನು ಸುಳ್ಳು ಹೇಳಿದೆ. ನೀರು ಹೋದದ್ದು ಹೂವಿನ ಚಟ್ಟಿಗೆ.”

ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಆಗ ಲೀಲಕ್ಕ ಬಾಗಿಲ ಬಳಿಯಿಂದ ಮುಂದೆ ಬಂದರು. “ಅದೆಲ್ಲ ಇರಲಿ. ಈ ಚಿತ್ರದಲ್ಲಿ ನನ್ನ ದನಗಳು ಎಲ್ಲಿ?”

ಒಂದು ಹಸು ಎಷ್ಟು ಜನಕ್ಕೆ ಸಮ ಎಂಬ ಚರ್ಚೆ ಶುರುವಾಯಿತು. ಈ ಪ್ರಶ್ನೆಗೆ ನನ್ನ ಪಠ್ಯಪುಸ್ತಕಗಳಲ್ಲಿ ಉತ್ತರವಿಲ್ಲ. ಒಬ್ಬರು ಇಬ್ಬರೆಂದರು, ಇನ್ನೊಬ್ಬರು ಐವರೆಂದರು, ಮನೆಯಲ್ಲಿ ಹಸುವಿಲ್ಲದವರು ಅರ್ಧ ಎಂದರು. ಪಂಚಾಯತಿನ ನೀರು ಮನುಷ್ಯರಿಗಲ್ಲವಾ ಎಂದು ಒಬ್ಬರು ಆಕ್ಷೇಪ ಎತ್ತಿದ್ದಕ್ಕೆ ಹಮೀದಿಚ್ಚ, “ಆ ಹಸುವಿನ ಹಾಲು ಮತ್ತೆ ಯಾರು ಕುಡಿಯುವುದು, ನೀವಲ್ಲವಾ?” ಎಂದರು. ಕೊನೆಗೆ ಹಸುವೊಂದಕ್ಕೆ ಮೂರು ಜನ ಎಂದು ಕೈಯೆತ್ತಿ ತೀರ್ಮಾನಿಸಿದರು. ಶಾಸ್ತ್ರದ ದೃಷ್ಟಿಯಿಂದ ಅದಕ್ಕೆ ಯಾವ ಆಧಾರವೂ ಇಲ್ಲ. ನಾನು ತುಟಿ ಬಿಚ್ಚದೆ ಅಂಕಿ ತಿದ್ದಿದೆ.

ಹೆಸರು ಅಳಿಸಲು ಬರುವುದಿಲ್ಲ, ಇಡೀ ಚಿತ್ರವನ್ನೇ ಮತ್ತೆ ಬರೆಯಬೇಕು ಎಂದೆನಲ್ಲ. ಹಳೆಯದನ್ನು ಮುಚ್ಚಿ ಹೊಸ ಕಿಟಕಿ ತೆರೆದೆ. ಲೀಲಕ್ಕನ ಚುಕ್ಕಿ ಎಡಬದಿಯಿಂದ ಹೊರಟು, ಬಲಕ್ಕೆ ಬಂದು, ತುಂಬುಮನೆಗಳ ಗುಂಪಿನೊಳಗೆ ಹೋಗಿ ಕೂತಿತು. ಹುಡುಕಿದರೂ ಗುರುತು ಸಿಗದಷ್ಟು ಒಳಗೆ. ಮೇಲೆ ಎಡಬದಿಯಲ್ಲಿ ಒಂದೇ ಚುಕ್ಕಿ ಉಳಿಯಿತು. ಅದನ್ನು ಒತ್ತಿ ಹೆಸರು ಬರೆಸಿದೆ. ಲೀಲಕ್ಕನ ನೀರು ಮೊದಲಿನಂತೆಯೇ ಇರಲಿ, ಟೀಚರ ಮನೆಗೆ ದಿನಕ್ಕೆ ಎರಡು ಕ್ಯಾನ್ ಎಂದಾಯಿತು.

ಸಭೆ ಮುಗಿದು ಚಹಾ ಬಂತು. “ಕಿಟಕಿ ಮುಚ್ಚಿ ಟೀಚರೇ, ಸಾಕು” ಎಂದರು ಹಮೀದಿಚ್ಚ. ಇರಲಿ ಎಂದೆ. ನನ್ನ ಹೆಸರಿನ ಎದುರಿಗೇ ನಿಂತು ಜನ ಪರಿಪ್ಪುವಡೆ ತಿಂದರು, ಮಕ್ಕಳ ಮಾರ್ಕಿನ ಬಗ್ಗೆ ಕೇಳಿದರು, ಮಳೆ ಯಾವಾಗ ಬಂದೀತೆಂದು ಮಾತಾಡಿದರು. ಲೀಲಕ್ಕ ಲೋಟ ಹಿಡಿದು ನನ್ನ ಪಕ್ಕದಲ್ಲಿ ಬಂದು ನಿಂತರು. ಬಹಳ ಹೊತ್ತು ಆ ಒಂಟಿ ಚುಕ್ಕಿಯನ್ನು ನೋಡಿದರು.

“ಅಲ್ಲಿ ಒಬ್ಬಳೇ ಇರುವುದು ಕಷ್ಟ ಟೀಚರೇ. ನನಗೆ ಗೊತ್ತುಂಟು.”

ಅವತ್ತು ಅವರು ಅಲ್ಲಿ ಒಬ್ಬರೇ ಇರಲಿಲ್ಲ. ನಾನು ಅವರ ಅಡಿಯಲ್ಲೇ ಇದ್ದೆ, ಒಂದು ಕೂದಲೆಳೆಯಷ್ಟೂ ಅಲುಗದೆ. ಅದನ್ನು ಹೇಳೋಣವೆಂದು ಬಾಯಿ ತೆರೆದೆ. ಅವರಿಗೆ ಅದು ಗೊತ್ತಿತ್ತಲ್ಲ ಎಂದು ನೆನಪಾಯಿತು. ಅವರ ಹಸುವಿನ ಹಾಲಿನ ಚಹಾವನ್ನು ಮೆಲ್ಲಗೆ ಕುಡಿದೆ.